ಎರಡರ ಘಾತ ಮೂವತ್ತೊಂದು, ಒಂದು ಕಡಿಮೆ

30 ಏಪ್ರಿಲ್ 2001, ಸೋಮವಾರ

ನಾಳೆಯಿಂದ ಮೂವತ್ತು ದಿನ ನಾನು ಮಾತಾಡುವಂತಿಲ್ಲ.

ಡಾಕ್ಟರ್ ತಿರುಮಲೈ ಗಂಟಲಿಗೆ ಕನ್ನಡಿ ಇಳಿಸಿ ನೋಡಿ, ಕಾಗದದ ಮೇಲೆ ಎರಡು ಗೆರೆ ಎಳೆದು, ಎರಡರ ಮೇಲೂ ಎದುರುಬದುರಾಗಿ ಒಂದೊಂದು ಚುಕ್ಕಿ ಇಟ್ಟರು. ಧ್ವನಿತಂತುಗಳ ಮೇಲೆ ಗಂಟು, ಅಕ್ಕಿಕಾಳಿನಷ್ಟು. “ಎಷ್ಟು ವರ್ಷದಿಂದ ಟೀಚರಮ್ಮಾ?” ಎಂದು ಕೇಳಿದರು. ಇಪ್ಪತ್ತಾರು ಎಂದೆ. ಅದು ಅವರಿಗೆ ಕೇಳಿಸಲಿಲ್ಲ. ನನ್ನಿಂದ ಹೊರಟದ್ದು ಬರೀ ಗಾಳಿ.

“ಒಂದು ತಿಂಗಳು ಪೂರ್ತಿ ಮೌನ. ಪಿಸುಮಾತು ಕೂಡದು, ಅದು ಇನ್ನೂ ಕೆಟ್ಟದ್ದು. ಗಂಟು ಕರಗಿದರೆ ಸರಿ. ಇಲ್ಲಾಂದ್ರೆ ಆಪರೇಷನ್. ಆಪರೇಷನ್ ಆದಮೇಲೆ ಕ್ಲಾಸಿನಲ್ಲಿ ನಿಂತು ಕೂಗುವ ಗಂಟಲು ಸಿಗುತ್ತೆ ಅಂತ ನಾನು ಪ್ರಾಮಿಸ್ ಮಾಡಲಾರೆ.”

ಬೇಸಿಗೆ ರಜೆ ಇರುವುದು ಒಳ್ಳೆಯದಾಯಿತು. ಶಾಲೆ ತೆರೆಯುವುದು ಜೂನ್ 4ಕ್ಕೆ.

ಮೀನಂಬಾಕ್ಕಂ ದಾಟಿ ಪಲ್ಲಾವರಂ ಬರುವವರೆಗೆ ರೈಲಿನಲ್ಲಿ ಇವರು ನನ್ನ ಕೈಚೀಲ ಹಿಡಿದುಕೊಂಡು ಕೂತಿದ್ದರು. ನಾನೂ ಮಾತಾಡಲಿಲ್ಲ, ಇವರೂ ಮಾತಾಡಲಿಲ್ಲ. ಇವರ ಪಾಲಿಗೆ ಅದೇನೂ ಹೊಸದಲ್ಲ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ತಮಿಳು ಓದಿದ ನನಗೆ ಅಪ್ಪ ಮನೆಯಲ್ಲೇ ಕೂರಿಸಿಕೊಂಡು ಕಲಿಸಿದ ಲಿಪಿ. ಮಗಳು ಸುಮೇಧಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಇವರಿಗೆ ಇನ್ನೊಬ್ಬರ ನೋಟುಬುಕ್ಕು ತೆರೆಯುವ ಅಭ್ಯಾಸವಿಲ್ಲ. ಅತ್ತೆ ಓದಬಲ್ಲರು, ಆದರೆ ಇದು ಹತ್ತನೇ ತರಗತಿಯ ಗಣಿತದ ನೋಟುಗಳ ನಡುವೆ ಇರುತ್ತದೆ. ಅಲ್ಲಿಗೆ ಅವರು ಕೈ ಹಾಕುವುದಿಲ್ಲ.

1 ಮೇ, ಮಂಗಳವಾರ

ಸ್ಲೇಟು, ಬಳಪ. ಬೆಳಿಗ್ಗೆ ಹತ್ತರೊಳಗೆ ಒಂದು ಬಳಪ ಮುಗಿಯಿತು. ಕುಕ್ಕರ್ ಇಳಿಸು, ಫ್ಯಾನ್ ಆರಿಸು, ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡ. ನಾನು ಒಂದು ದಿನಕ್ಕೆ ಇಷ್ಟು ಆಜ್ಞೆ ಕೊಡುತ್ತೇನೆಂದು ಗೊತ್ತಿರಲಿಲ್ಲ.

ಅತ್ತೆಗೆ ಕಿವಿ ಮಂದ. ನನ್ನ ಬಾಯಿ ನೋಡಿಯೇ ಅರ್ಧ ಮಾತು ಹಿಡಿಯುತ್ತಿದ್ದವರು. ಈಗ ಸ್ಲೇಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿ, ಪ್ರತಿಯೊಂದನ್ನೂ ಜೋರಾಗಿ ಓದುತ್ತಾರೆ. ಪಕ್ಕದ ಮನೆ ಬೇಬಿ ಮಾಮಿಗೆ ನಮ್ಮ ಮನೆಯ ಸಮಾಚಾರವೆಲ್ಲ ಈಗ ನೇರ ತಲುಪುತ್ತದೆ.

“ಮೌನವ್ರತ ಅಂತ ಹೇಳಿದೀನಿ ಜಯಾ,” ಎಂದರು ಅತ್ತೆ. “ಕಾಯಿಲೆ ಅಂದ್ರೆ ದಿನಾ ಯಾರಾದ್ರೂ ನೋಡಕ್ಕೆ ಬರ್ತಾರೆ. ವ್ರತ ಅಂದ್ರೆ ದೂರದಿಂದಾನೇ ನಮಸ್ಕಾರ ಮಾಡಿ ಹೋಗ್ತಾರೆ.”

2 ಮೇ, ಬುಧವಾರ

ಸುಮೇಧಾ ಗಿಂಡಿಯ ಕಾಲೇಜಿನಿಂದ ಮಧ್ಯಾಹ್ನವೇ ಬಂದಳು. ಇಂಜಿನಿಯರಿಂಗ್ ಮೊದಲ ವರ್ಷ. ಕಂಪ್ಯೂಟರ್ ಲ್ಯಾಬಿನಲ್ಲಿ ಅವಳು ಬರೆದ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಿತಂತೆ. ಸಂಖ್ಯೆ ಬೆಳೆಯುತ್ತಾ ಬೆಳೆಯುತ್ತಾ ಇದ್ದಕ್ಕಿದ್ದಂತೆ ಋಣ ಸಂಖ್ಯೆಯಾಯಿತು.

“ಅದು 2147483647ಕ್ಕೆ ನಿಂತುಬಿಡುತ್ತೆ ಮಾ. ಅದಕ್ಕೆ ಮೇಲೆ ಅದಕ್ಕೆ ಎಣಿಸಕ್ಕೆ ಬರಲ್ಲ. ಒಂದು ಸೇರಿಸಿದ್ರೆ ಡಮಾರ್, ಮೈನಸ್ ಆಗಿಬಿಡುತ್ತೆ.”

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಹಳೆಯ ಗುರುತಿನವರು ಎದುರು ಸಿಕ್ಕಂತಾಯಿತು. ಸ್ಲೇಟಿನ ಮೇಲೆ, ಅವಳಿಗಾಗಿ ತಮಿಳಿನಲ್ಲಿ, ಬರೆದೆ: ಎರಡನ್ನು ಮೂವತ್ತೊಂದು ಸಲ ಗುಣಿಸಿ ಒಂದು ಕಳೆದರೆ ಇದು. ಇದು ಅವಿಭಾಜ್ಯ. ಇದು ಪತ್ತೆಯಾದ ಮೇಲೆ ಸುಮಾರು ನೂರು ವರ್ಷದ ತನಕ ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ.

“ಪ್ರೈಮಾ? ನಿನಗೆ ಹೇಗೆ ಗೊತ್ತು?”

ಬಾಯಿ ತೆರೆದೆ. ಮುಚ್ಚಿದೆ. ‘ಗೊತ್ತು’ ಎಂದು ಬರೆದೆ.

“ಟೀಚರ್ ಹೇಳಿದ್ರೆ ಪ್ರೂಫಾ ಮಾ?” ಎಂದು ನಗುತ್ತಾ ಮೊಸರನ್ನ ಕಲಸಿಕೊಂಡು ಟಿವಿ ಮುಂದೆ ಹೋದಳು.

ಆ ಮಾತು ಸಂಜೆಯವರೆಗೆ ಕುಟುಕುತ್ತಿತ್ತು. ನಿಜಕ್ಕೂ ನಾನು ಯಾವತ್ತೂ ನೋಡಿಲ್ಲ. ಎಂ.ಎಸ್ಸಿ. ಓದುವಾಗ ಪುಸ್ತಕದಲ್ಲಿ ಓದಿದೆ, ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದೆ.

3 ಮೇ, ಗುರುವಾರ

ಅಟ್ಟದಿಂದ ಹಳೆಯ ನೋಟ್ಸ್ ಇಳಿಸಿದೆ. ದಾರಿ ಅದರಲ್ಲೇ ಇತ್ತು. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುವುದಲ್ಲ. 4ರಿಂದ ಹೊರಡಬೇಕು. ವರ್ಗ ಮಾಡಿ, ಎರಡು ಕಳೆಯಬೇಕು. ಬಂದದ್ದು ನಮ್ಮ ದೊಡ್ಡ ಸಂಖ್ಯೆಗಿಂತ ಹೆಚ್ಚಾದರೆ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮತ್ತೆ ವರ್ಗ, ಮತ್ತೆ ಎರಡು ಕಳೆ. ಘಾತ ಮೂವತ್ತೊಂದಾದರೆ ಇಪ್ಪತ್ತೊಂಬತ್ತು ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬೇರೆ ಏನು ಬಂದರೂ ಅಲ್ಲ.

ಸುಮೇಧಾಗೆ ಸ್ಲೇಟಿನಲ್ಲಿ ಚಿಕ್ಕದೊಂದು ಮಾಡಿ ತೋರಿಸಿದೆ. ಎರಡರ ಘಾತ ಐದು, ಒಂದು ಕಡಿಮೆ: 31. ಮೂರು ಹೆಜ್ಜೆ. 4. ಆಮೇಲೆ 14. ಆಮೇಲೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. ಎಂಟೆಂಟಲ ಅರವತ್ತನಾಲ್ಕು, ಎರಡು ಹೋದರೆ 62, ಅದು ಸರಿಯಾಗಿ ಎರಡು 31. ಸೊನ್ನೆ.

“ಅಡೇ, ಚೆನ್ನಾಗಿದೆಯೇ!” ಎಂದಳು. ಆಮೇಲೆ, “ದೊಡ್ಡದನ್ನ ಲ್ಯಾಬಲ್ಲಿ ಹಾಕಿದ್ರೆ ಒಂದು ಸೆಕೆಂಡ್ ಮಾ. ಕೈಯಲ್ಲಿ ಯಾರಾದ್ರೂ ಮಾಡ್ತಾರಾ?”

ಇಪ್ಪತ್ತೊಂಬತ್ತು ಹೆಜ್ಜೆ. ಒಂದನೇ ತಾರೀಖಿಗೆ ಮೊದಲ ಹೆಜ್ಜೆ ಎಂದಿಟ್ಟುಕೊಂಡರೆ ಇಪ್ಪತ್ತೊಂಬತ್ತನೇ ತಾರೀಖಿಗೆ ಕೊನೆಯದು. ಮೊದಲ ಮೂರನ್ನು ಅಲ್ಲೇ ನಿಂತು ಮಾಡಿದೆ: 14, 194, 37634.

4 ಮೇ, ಶುಕ್ರವಾರ

ಶುಕ್ರವಾರದ ಸಂತೆಗೆ ಇವರ ಜೊತೆ ಹೋದೆ. ಹಳೆಯ ಸ್ಟೌವ್, ಕಾಲಿಲ್ಲದ ಕುರ್ಚಿ, ಪಾರಿವಾಳ, ರೇಡಿಯೋ ಬಿಡಿಭಾಗ, ಎಲ್ಲದರ ನಡುವೆ ಒಬ್ಬನ ಬಳಿ ಯಾವುದೋ ಆಫೀಸಿನ ಅಗಲವಾದ ಚೌಕಳಿ ಕಾಗದ, ಒಂದು ಕಟ್ಟು, ಯಾರೂ ಮುಟ್ಟದ್ದು. ಬೆರಳು ತೋರಿಸಿ ಚೌಕಾಸಿ ಮಾಡಿದೆ. ಅವನೂ ಮೂಕನಂತೆ ಬೆರಳಲ್ಲೇ ಉತ್ತರ ಕೊಟ್ಟ. ಆಮೇಲೆ ಇವರನ್ನು ನೋಡಿ, “ಅಮ್ಮಾವುಕ್ಕು ಪಿರವಿಯಿಲೇಯಾ ಸಾರ್?” ಎಂದ. ಹುಟ್ಟಿನಿಂದಲೇ ಹೀಗಾ ಎಂದು. ಇವರು ಒಂದು ಕ್ಷಣ ಯೋಚಿಸಿ, “ಇಲ್ಲಪ್ಪಾ, ಮೊನ್ನೆಯಿಂದ” ಎಂದರು. ಸಂತೆಯಿಂದ ಮನೆಯವರೆಗೆ ನಗುತ್ತಲೇ ಬಂದರು. ಅದನ್ನು ದಾರಿಯಲ್ಲಿ ಎರಡು ಸಲ ನನಗೇ ಹೇಳಿದರು.

ನಾಲ್ಕನೇ ಹೆಜ್ಜೆ: 1416317954. ಚಿಕ್ಕ ಸಂಖ್ಯೆಗಳು ಇಲ್ಲಿಗೆ ಮುಗಿದವು.

5 ಮೇ, ಶನಿವಾರ

ಬೆಳಿಗ್ಗೆ ಹತ್ತರಿಂದ ಹನ್ನೆರಡೂಕಾಲು. ಹತ್ತಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಆಮೇಲೆ ದೊಡ್ಡ ಭಾಗಾಕಾರ. 669670838. ಒಂಬತ್ತರಿಂದ ತಾಳೆ ನೋಡಿದೆ, ಅಂದರೆ ಅಂಕಿಗಳನ್ನೆಲ್ಲ ಕೂಡಿ ಒಂಬತ್ತು ಕಳೆಯುತ್ತಾ ಹೋಗುವ ಹಳೆಯ ಉಪಾಯ. ಸರಿಹೊಂದಿತು.

ಕುತ್ತಿಗೆ ನೋವು.

9 ಮೇ, ಬುಧವಾರ

ಇವತ್ತು ಬಂದದ್ದು ಎಂಟೇ ಅಂಕಿ. 12692426. ನಾಳೆ ಸುಲಭ.

ನೀರಿನ ಲಾರಿ ಎಂಟಕ್ಕೆ ಬಂತು. ಕೊಡಗಳ ಸಾಲಿನಲ್ಲಿ ನನ್ನದು ಆರನೆಯದು. ಕೊನೆಮನೆಯವಳು ತನ್ನ ಎರಡು ಕೊಡ ಮಧ್ಯೆ ತುರುಕಿದಳು. ಮೊದಲಾಗಿದ್ದರೆ ರೈಲ್ವೆ ಗೇಟಿನವರೆಗೆ ಕೇಳಿಸುತ್ತಿತ್ತು ನನ್ನ ದನಿ. ಸುಮ್ಮನೆ ಅವಳ ಮುಖ ನೋಡುತ್ತಾ ನಿಂತೆ. ಅವಳು ಬೇರೆ ಕಡೆ ನೋಡಿದಳು. ಸ್ವಲ್ಪ ಹೊತ್ತಿಗೆ ತಾನಾಗಿ ಒಂದು ಕೊಡ ಹಿಂದಕ್ಕೆ ತೆಗೆದಳು. ಇನ್ನೊಂದನ್ನು ಬೇಬಿ ಮಾಮಿ ತೆಗೆಸಿದರು, ನನ್ನ ಪರವಾಗಿಯೂ ಸೇರಿಸಿ ಬೈದು.

11 ಮೇ, ಶುಕ್ರವಾರ

ನಿನ್ನೆಯ ಸಂಖ್ಯೆ 2044502122. ಇದು ನಮ್ಮ ಸಂಖ್ಯೆಗೆ ತೀರ ಹತ್ತಿರ, ಹತ್ತು ಕೋಟಿ ಚಿಲ್ಲರೆ ಮಾತ್ರ ಕಡಿಮೆ. ಅದನ್ನೇ ವರ್ಗ ಮಾಡಲು ಕೂತು ಅರ್ಧ ಪುಟ ಆದಮೇಲೆ ಹೊಳೆಯಿತು: ಕೊರತೆಯನ್ನೇ ವರ್ಗ ಮಾಡಿದರೆ ಸಾಕು. 102981525. ಋಣ ಋಣ ಸೇರಿ ಧನ, ಶೇಷ ಒಂದೇ ಬರುತ್ತದೆ. ಗೊತ್ತಿದ್ದದ್ದೇ, ಆದರೂ ಖುಷಿಯಾಯಿತು. ಯಾರಿಗಾದರೂ ಹೇಳಬೇಕೆನಿಸಿತು. ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕ ಕೂತು ಹುರುಳಿಕಾಯಿ ಸೋಸಿದೆ.

ಇವರು ಈಚೆಗೆ ಕಾಫಿಯ ಜೊತೆ ಮಾತಾಡುತ್ತಾರೆ. ತಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ಕೃಷ್ಣಮೂರ್ತಿ ಎಂಬವರು ಮೇಜಿನ ಡ್ರಾಯರಿನಲ್ಲಿ ಅಳಿಲು ಸಾಕಿದ್ದು, ಇವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ವಿಮಾನ ಓಡಿಸುವ ಆಸೆಯಿದ್ದದ್ದು. ಅದಕ್ಕೇ ಪಲ್ಲಾವರಂನಲ್ಲಿ ಮನೆ ಮಾಡಿದ್ದಂತೆ, ದಿನಾ ತಲೆಯ ಮೇಲೆ ವಿಮಾನ ಹೋಗುತ್ತದೆಂದು. ಬಾಡಿಗೆ ಕಡಿಮೆ ಎಂದು ಇಲ್ಲಿಗೆ ಬಂದೆವೆಂದೇ ನಾನು ಇಪ್ಪತ್ತೆರಡು ವರ್ಷ ತಿಳಿದಿದ್ದೆ.

14 ಮೇ, ಸೋಮವಾರ

877666528. ಇಲ್ಲಿಯವರು ಕತ್ತರಿ ಬಿಸಿಲು ಎನ್ನುವ ಸುಡುಬಿಸಿಲು. ಬೆವರು ಕಾಗದಕ್ಕೆ ಬಿದ್ದು ಒಂದು 6 ಅಳಿಸಿತು.

16 ಮೇ, ಬುಧವಾರ

940321271. ಒಂದು ಗಂಟೆ ಐವತ್ತು ನಿಮಿಷ. ಕೈ ಪಳಗುತ್ತಿದೆ. ಸುಮೇಧಾ ಊಟದ ಹೊತ್ತಿಗೆ ಬಂದು ಕಾಗದ ತಿರುವಿ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಬೆಳಿಗ್ಗೆಯಿಂದ ಏನೋ ಹೇಳಲು ಬಂದು ಬಂದು ಹೋಗುತ್ತಿದ್ದಾಳೆ. ಮೊಬೈಲ್ ಬೇಕಿರಬಹುದು.

17 ಮೇ, ಗುರುವಾರ

ಮೊಬೈಲ್ ಅಲ್ಲ.

ಹತ್ತು ಗಂಟೆಗೆ ಕಾಗದ ಹರಡಿ ನಿನ್ನೆಯ ಸಂಖ್ಯೆಯನ್ನು ಇಳಿಸಿಕೊಳ್ಳುತ್ತಿದ್ದೆ. ಬಂದು ಎದುರು ಕೂತಳು. ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಮಾ, ತಿಟ್ಟಬೇಡ, ಆಂ?”

ನಾನು ಬೈಯಲಾರೆನೆಂದು ನೆನಪಾಗಿ ಅವಳಿಗೇ ಒಂದು ಥರ ಆಯಿತು.

“ನವೆಂಬರ್ ಪರೀಕ್ಷೆಯಲ್ಲಿ ಮ್ಯಾಥ್ಸ್ ಹೋಯ್ತು. ಮೂವತ್ತೇಳು. ಅರಿಯರ್ ಇದೆ. ಇಪ್ಪತ್ತೆಂಟಕ್ಕೆ ಮತ್ತೆ ಬರೀಬೇಕು. ನನಗೆ ಏನೂ ಬರಲ್ಲ ಮಾ. ಸತ್ಯವಾ ಏನೂ ಬರಲ್ಲ. ಕ್ಲಾಸಲ್ಲಿ ಎಲ್ಲಾರೂ ‘ನಿಂಗೇನಮ್ಮಾ, ಅಮ್ಮ ಮ್ಯಾಥ್ಸ್ ಟೀಚರ್’ ಅಂತಾರೆ. ನಾನೂ ಹೂಂ ಅಂತೀನಿ.”

ಫಲಿತಾಂಶ ಬಂದದ್ದು ಫೆಬ್ರವರಿಯಲ್ಲಿ. ಆಗ ಎಷ್ಟು ಬಂತೆಂದು ಕೇಳಿದ್ದೆ. ಅರವತ್ತೆಂಟು ಎಂದಿದ್ದಳು. ಉಳಿದ ಮೂವತ್ತೆರಡು ಎಲ್ಲಿ ಹೋಯಿತು ಎಂದು ಅರ್ಧ ಗಂಟೆ ಕೇಳಿದ್ದೆ. ಇಲ್ಲದ ಅರವತ್ತೆಂಟಕ್ಕೆ.

ಸ್ಲೇಟು ತೆಗೆದುಕೊಂಡೆ. ‘ಮೂರು ತಿಂಗಳು’ ಎಂದು ಬರೆದೆ. ಒರೆಸಿದೆ. ‘ನನ್ನ ಮುಖ ನೋಡಿ ಸುಳ್ಳು’ ಎಂದು ಬರೆದೆ. ಒರೆಸಿದೆ. ಸ್ಲೇಟು ಚಿಕ್ಕದು, ಒಂದು ಸಲಕ್ಕೆ ಆರೇಳು ಪದ ಹಿಡಿಯುತ್ತದೆ. ಅವಳು ಕೂತೇ ಇದ್ದಳು. ತಲೆಯ ಮೇಲೆ ವಿಮಾನ ಹೋಯಿತು.

ಕೊನೆಗೆ ‘ತಿಂಡಿ ತಿಂದೆಯಾ?’ ಎಂದು ಬರೆದೆ.

ಅಳಲು ಶುರುಮಾಡಿದಳು. ಎದ್ದು ಹೋಗಿ ದೋಸೆ ಹಾಕಿಕೊಟ್ಟೆ. ನಾಲ್ಕು ತಿಂದಳು.

ಹದಿನೇಳನೇ ಹೆಜ್ಜೆಯನ್ನು ಆಮೇಲೆ ಕೂತು ಮುಗಿಸಿದೆ. ತಾಳೆ ಸರಿಯಿದೆ.

18 ಮೇ, ಶುಕ್ರವಾರ

ಇವರಿಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಕಿವಿ ಕೇಳದವರಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ.

ಇವರನ್ನು ಸ್ಲೇಟಿನಲ್ಲಿ ಕೇಳಿದೆ. ಬನಿಯನ್ನಿನ ಅಂಚು ಎಳೆಯುತ್ತಾ ನಿಂತರು. “ನೀನು ಕೂಗ್ತೀಯಲ್ಲ ಜಯಾ,” ಎಂದರು. “ಅದು ಒಂದು ದಿನಕ್ಕೆ ಮುಗಿಯಲ್ಲ. ಅದಕ್ಕೇ ಯಾರೂ…”

ಈ ಮನೆಯಲ್ಲಿ ಮೌನವ್ರತ ಹಿಡಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಹದಿನೆಂಟನೆಯ ಹೆಜ್ಜೆ ಸಂಜೆ ಮಾಡಿದೆ. ಅಂಕಿಗಳು ವಕ್ರವಾಗಿವೆ.

20 ಮೇ, ಭಾನುವಾರ

ಅವಳ ಪುಸ್ತಕ ತೆಗೆಸಿದೆ. ಅನುಕಲನ, ಮ್ಯಾಟ್ರಿಕ್ಸ್. ನಾನು ವಿವರಿಸಲಾರೆ. ಸ್ಲೇಟಿನಲ್ಲಿ ಅನುಕಲನ ಹೇಳಿಕೊಡುವುದು ಆಗದ ಕೆಲಸ. ಹಾಗಾಗಿ ಅವಳೇ ಮಾಡಬೇಕು, ಮಾಡುತ್ತಾ ಬಾಯಲ್ಲಿ ಹೇಳಬೇಕು. ನಾನು ಪೆನ್ಸಿಲ್ ಹಿಡಿದು ಪಕ್ಕ ಕೂತೆ.

ಮೊದಲ ಲೆಕ್ಕದ ಎರಡನೇ ಸಾಲಿನಲ್ಲೇ ಚಿಹ್ನೆ ತಪ್ಪಿತು. ನನಗೆ ಕೂತಲ್ಲಿ ಮುಳ್ಳು ಚುಚ್ಚಿದಂತಾಯಿತು. ಅವಳು ಮಾತಾಡುತ್ತಲೇ ಹೋದಳು, “ಇಲ್ಲಿ ಎಕ್ಸ್ ವರುದು, ಅಪ್ಪುರಂ ಇದನ್ನ ಈ ಕಡೆ ತಂದ್ರೆ…” ಎಂಟನೇ ಸಾಲಿಗೆ ನಿಂತಳು. “ಇರು ಇರು. ಇದು ತಪ್ಪು. ಇಷ್ಟು ದೊಡ್ಡದು ಬರಬಾರದು.” ಹಿಂದಕ್ಕೆ ಹೋಗಿ ತಾನೇ ಹುಡುಕಿದಳು. ಹತ್ತು ನಿಮಿಷ ಹಿಡಿಯಿತು. ನಾನಾಗಿದ್ದರೆ ಹತ್ತು ಸೆಕೆಂಡಿನಲ್ಲಿ ತೋರಿಸುತ್ತಿದ್ದೆ.

ದಿನಕ್ಕೆ ಎರಡು ಗಂಟೆ ಎಂದು ಗೊತ್ತುಮಾಡಿದೆವು. ನನ್ನ ಲೆಕ್ಕ ಬೆಳಿಗ್ಗೆ, ಅವಳದು ಸಂಜೆ.

23 ಮೇ, ಬುಧವಾರ

ಅವಳಿಗೆ ಏನೂ ಬರುವುದಿಲ್ಲ ಎನ್ನುವುದು ಸುಳ್ಳು. ಅವಳಿಗೆ ಬರುತ್ತದೆ, ನಂಬಿಕೆ ಇಲ್ಲ. ಪ್ರತಿ ಸಾಲಿಗೂ ನನ್ನ ಮುಖ ನೋಡುತ್ತಾಳೆ. ಇವತ್ತು ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ, ಮುಖ ಕಾಣದ ಹಾಗೆ.

26 ಮೇ, ಶನಿವಾರ

ಇಪ್ಪತ್ತಾರು ಆಯಿತು. ಇನ್ನು ಮೂರು.

28 ಮೇ, ಸೋಮವಾರ

ಪರೀಕ್ಷೆಗೆ ಹೋಗುವ ಮುನ್ನ ಅತ್ತೆಗೆ ನಮಸ್ಕಾರ ಮಾಡಿದಳು. “ಚೆನ್ನಾಗಿ ಬರೀ ಕಣ್ಣಾ” ಎಂದರು ಅತ್ತೆ. ನನ್ನ ಮುಂದೆ ನಿಂತಳು. ಸ್ಲೇಟು ಕೈಯಲ್ಲಿತ್ತು. ಎಲ್ಲ ಮಕ್ಕಳಿಗೂ ಹೇಳುವ ಮಾತುಗಳು ನೆನಪಿಗೆ ಬಂದವು: ಪ್ರಶ್ನೆ ಎರಡು ಸಲ ಓದು, ಚಿಹ್ನೆ ನೋಡು, ಕೊನೆಯ ಹತ್ತು ನಿಮಿಷ ಬಿಡು. ಒಂದನ್ನೂ ಬರೆಯಲಿಲ್ಲ. ಹಾಲ್ ಟಿಕೆಟ್ ಇದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆ.

ಬಂದಮೇಲೆ, “ಗೊತ್ತಿಲ್ಲ ಮಾ,” ಎಂದಳು. “ಬರೆದೆ.”

ಇಂದಿನ ಹೆಜ್ಜೆ ಇಪ್ಪತ್ತೆಂಟು. ನಾಳೆ ಸೊನ್ನೆ.

29 ಮೇ, ಮಂಗಳವಾರ

ಸೊನ್ನೆ ಬರಲಿಲ್ಲ.

ಹತ್ತಂಕಿಯ ಒಂದು ಸಂಖ್ಯೆ ಬಂತು. ಮತ್ತೆ ಮಾಡಿದೆ. ಅದೇ ಬಂತು. ಮಧ್ಯಾಹ್ನ ಮೊದಲಿನಿಂದ ಎಲ್ಲ ತಾಳೆಗಳನ್ನೂ ನೋಡಿದೆ. ಒಂದೊಂದು ದಿನದ್ದೂ ಒಂಬತ್ತರ ತಾಳೆಗೆ ಸರಿಯಾಗಿದೆ. ತಪ್ಪು ಎಲ್ಲಿಯೂ ಇಲ್ಲ, ಉತ್ತರ ಮಾತ್ರ ತಪ್ಪು.

ಊಟ ಬೇಡವೆಂದು ಕೈಯಾಡಿಸಿದೆ. ಅತ್ತೆ ತಟ್ಟೆ ತಂದು ಕಾಗದದ ಮೇಲೇ ಇಟ್ಟು ಹೋದರು.

ನಾಲ್ಕು ಗಂಟೆಗೆ ಸುಮೇಧಾ ಬಂದು ಪಕ್ಕ ನಿಂತಳು. ಹದಿನಾರನೇ ತಾರೀಖಿನ ಹಾಳೆಯನ್ನೂ ಹದಿನೇಳರದ್ದನ್ನೂ ಎಳೆದು ಒಂದರ ಕೆಳಗೆ ಒಂದು ಇಟ್ಟಳು. ಬೆರಳು ತೋರಿಸಿದಳು.

ಹದಿನಾರರ ಕೊನೆ: 940321271.
ಹದಿನೇಳರ ಮೊದಲು: 940312271.

ಇಳಿಸಿಕೊಳ್ಳುವಾಗ 2 ಮತ್ತು 1 ಅದಲು ಬದಲಾಗಿವೆ. ಅಂಕಿಗಳ ಮೊತ್ತ ಅದೇ. ಒಂಬತ್ತರ ತಾಳೆಗೆ ಈ ತಪ್ಪು ಸಿಗುವುದೇ ಇಲ್ಲ.

‘ಯಾವಾಗ ಗೊತ್ತಾಯಿತು?’ ಎಂದು ಬರೆದೆ.

“ಅವತ್ತು ಸಾಯಂಕಾಲವೇ. ಲ್ಯಾಬಲ್ಲಿ ಪ್ರೋಗ್ರಾಂ ಸರಿಮಾಡಿ ಇಪ್ಪತ್ತೊಂಬತ್ತೂ ಪ್ರಿಂಟ್ ತಗೊಂಡಿದ್ದೆ. ದಿನಾ ನಿಂದು ಸರಿ ಇದೆಯಾ ಅಂತ ನೋಡ್ತಿದ್ದೆ. ಹದಿನಾರು ದಿನ ಎಲ್ಲಾ ಸರಿ ಮಾ. ಒಂದು ಅಂಕಿ ತಪ್ಪಿಲ್ಲ. ನನಗೆ ಎಷ್ಟು ಪ್ರೌಡಾಗಿತ್ತು ಗೊತ್ತಾ? ಆಮೇಲೆ…”

‘ಯಾಕೆ ಹೇಳಲಿಲ್ಲ?’

“ನಾನು ಅರಿಯರ್ ಅಂತ ಹೇಳಿದ ದಿನ ಆದ ತಪ್ಪು ಅದು. ಎಪ್ಪಡಿ ಮಾ ಸೊಲ್ಲುವೇನ್, ಹೇಗೆ ಹೇಳ್ಲಿ? ಹೇಳಿದ್ರೆ ನೀನು ಅದನ್ನೂ ನನ್ನ ಲೆಕ್ಕಕ್ಕೆ…” ನಿಲ್ಲಿಸಿದಳು. “ಇಲ್ಲ. ನೀನು ದಿನಾ ಮಧ್ಯಾಹ್ನ ಮುಗಿಸಿ ಎದ್ದಾಗ ನಿನ್ನ ಮುಖ ಚೆನ್ನಾಗಿರ್ತಿತ್ತು. ಅದಕ್ಕೆ.”

ಹದಿಮೂರು ದಿನ ಪ್ರತಿ ಗುಣಾಕಾರವೂ ಪ್ರತಿ ಭಾಗಾಕಾರವೂ ಸರಿಯಾಗಿಯೇ ಇತ್ತು, ನನ್ನದಲ್ಲದ ಯಾವುದೋ ಸಂಖ್ಯೆಗೆ. ಸಿಟ್ಟು ಬರಬೇಕಿತ್ತು. ಕಾದು ನೋಡಿದೆ. ಹಸಿವಾಗುತ್ತಿತ್ತು. ಆರಿದ ಸಾರನ್ನ ತಿಂದೆ.

ಅವಳು ಒಳಗಿನಿಂದ ಮಡಿಸಿದ ಪ್ರಿಂಟ್ ತಂದಳು. “ನೋಡ್ತೀಯಾ?” ಬೇಡವೆಂದು ತಲೆಯಾಡಿಸಿದೆ. ಹದಿನೇಳರಿಂದ ಮುಂದಿನ ಹಾಳೆಗಳನ್ನೆಲ್ಲ ಮಡಿಸಿ ಬದಿಗಿಟ್ಟು ಹೊಸ ಹಾಳೆ ತೆಗೆದೆ. ಕುರ್ಚಿ ಎಳೆದುಕೊಂಡು ಪಕ್ಕ ಕೂತಳು.

31 ಮೇ, ಗುರುವಾರ

ಡಾಕ್ಟರ್ ಬಹಳ ಹೊತ್ತು ಕನ್ನಡಿ ಹಿಡಿದು ನೋಡಿದರು. ಎಡಗಡೆಯ ಗಂಟು ಹೋಗಿದೆ. ಬಲಗಡೆಯದು ಸಾಸಿವೆಯಷ್ಟಾಗಿದೆ. ಆಪರೇಷನ್ ಬೇಡ. “ಆದರೆ ಹಳೇ ಗಂಟಲು ಮರೆತುಬಿಡಿ ಟೀಚರಮ್ಮಾ. ಮೆಲ್ಲಗೆ ಮಾತಾಡಬಹುದು. ಕೂಗಿದರೆ ಮತ್ತೆ ಬರುತ್ತೆ.”

ಒಂದರಿಂದ ಹತ್ತು ಎಣಿಸಿ ಎಂದರು, ತಮಿಳಿನಲ್ಲಿ. ಬಾಯಿ ತೆರೆದರೆ ಬಂದದ್ದು ಕನ್ನಡ. ಒಂದು, ಎರಡು, ಮೂರು. ಯಾರೋ ಪಕ್ಕದ ಕೋಣೆಯಲ್ಲಿ ಎಣಿಸುತ್ತಿದ್ದಂತಿತ್ತು. ತಗ್ಗು ದನಿ, ಸ್ವಲ್ಪ ಒರಟು. ಇವರು ಬಾಗಿಲ ಬಳಿ ನಿಂತು ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆರಕ್ಕೆ ಬರುವಷ್ಟರಲ್ಲಿ ಕಿಟಕಿಯ ಕಡೆ ತಿರುಗಿದರು.

ಸದ್ಯಕ್ಕೆ ಒಂದು ಸಲಕ್ಕೆ ಐದೈದು ನಿಮಿಷ ಮಾತು.

5 ಜೂನ್, ಮಂಗಳವಾರ

ಶಾಲೆಯಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ನನಗೆ ಆರನೆಯ ತರಗತಿಯ ಒಂದು ವಿಭಾಗ, ಉಳಿದ ಹೊತ್ತು ಪ್ರಶ್ನೆಪತ್ರಿಕೆಗಳ ಕೆಲಸ. ಹನ್ನೆರಡನೆಯ ತರಗತಿ ಹದಿನೆಂಟು ವರ್ಷದಿಂದ ನನ್ನದು. ಆ ಕೋಣೆಯ ಮುಂದೆ ಹೋಗುವಾಗ ಒಳಗಿನ ಕಪ್ಪುಹಲಗೆ ಕಂಡಿತು. ಹೆಡ್‌ಮಿಸ್ಟ್ರೆಸ್ ವಾಸಂತಿ ಒಳ್ಳೆಯವರು, ಕೈ ಹಿಡಿದು ಹೇಳಿದರು. ಸ್ಟಾಫ್ ರೂಮಿನಲ್ಲಿ ಕೂತು ಸ್ವಲ್ಪ ಅತ್ತುಬಿಟ್ಟೆ.

ಆರನೆಯ ತರಗತಿಯ ಮಕ್ಕಳು, ನಾನು ಮೆಲ್ಲಗೆ ಮಾತಾಡಿದರೆ ತಾವೂ ಮೆಲ್ಲಗೆ ಮಾತಾಡುತ್ತಾರೆ. ವಿಚಿತ್ರ.

ಸಂಜೆ ಇಪ್ಪತ್ತೊಂದನೆಯ ಹೆಜ್ಜೆ. ವರ್ಗ ನನ್ನದು, ಭಾಗಾಕಾರ ಅವಳದು. ಇಳಿಸಿಕೊಂಡ ಸಂಖ್ಯೆಯನ್ನು ಅವಳು ಹಿಂದಿನಿಂದ ಮುಂದಕ್ಕೆ ಗಟ್ಟಿಯಾಗಿ ಓದುತ್ತಾಳೆ, ನಾನು ಬೆರಳಿಟ್ಟು ನೋಡುತ್ತೇನೆ. ಇದು ಅವಳದೇ ಉಪಾಯ.

10 ಜೂನ್, ಭಾನುವಾರ

ಇವತ್ತು ಬೆಳಿಗ್ಗೆ ಎರಡು ಹೆಜ್ಜೆ ಉಳಿದಿದ್ದವು. ಎದುರಿಗಿದ್ದದ್ದು 1181536708. ಹಾಳೆಯ ತುಂಬ ಗುಣಾಕಾರ. ನಾನು ಮುಗಿಸಿ ಕೊಟ್ಟೆ. ಅವಳು ಭಾಗಿಸುತ್ತಾ ಹೋದಳು. ಅತ್ತೆ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಇವರು ಪೇಪರ್ ಓದುವ ನಟನೆ ಮಾಡುತ್ತಿದ್ದರು, ಪುಟ ತಿರುಗಿಸಿರಲಿಲ್ಲ.

“ಮಾ,” ಎಂದಳು. “ಐದೇ ಅಂಕಿ.”

ಶೇಷ 65538. ಎರಡು ಕಳೆದರೆ 65536.

ಇಪ್ಪತ್ತನಾಲ್ಕು ಹೆಜ್ಜೆ ಕ್ರಮವೇ ಇಲ್ಲದ ಎಂಟು, ಒಂಬತ್ತು, ಹತ್ತು ಅಂಕಿಗಳು. ಈಗ ಇದು. ಎರಡರ ಘಾತ ಹದಿನಾರು. ಅದಕ್ಕೆ ಕಾಗದವೇ ಬೇಕಿರಲಿಲ್ಲ. 65536ರ ವರ್ಗ 4294967296. ಎರಡು ಹೋದರೆ 4294967294. ಅದರ ಅರ್ಧ ಎಷ್ಟೆಂದು ಅವಳು ಬಾಯಲ್ಲೇ ಹೇಳಿದಳು, ಒಂದೊಂದೇ ಅಂಕಿ, ನಿಧಾನವಾಗಿ. ಎರಡು, ಒಂದು, ನಾಲ್ಕು, ಏಳು, ನಾಲ್ಕು, ಎಂಟು, ಮೂರು, ಆರು, ನಾಲ್ಕು, ಏಳು.

ಸರಿಯಾಗಿ ಎರಡು ಪಾಲು. ಸೊನ್ನೆ.

ಅವಳಿಗೆ ಇದು ತಿಂಗಳ ಹಿಂದೆಯೇ ಗೊತ್ತಿತ್ತು. ಆದರೂ ಪ್ರಿಂಟಿನಲ್ಲಿ ಕಂಡದ್ದು ಬೇರೆ ಇರಬೇಕು. ಎದ್ದು ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. “ಪ್ರೈಮ್ ದಾನ್ ಮಾ. ನಿಜವಾಗ್ಲೂ ಪ್ರೈಮು.”

“ಏನಾಯ್ತು?” ಎಂದರು ಅತ್ತೆ.

“ಸೊನ್ನೆ ಬಂತು ಪಾಟೀ!” ಎಂದು ಅವರ ಕಿವಿಯಲ್ಲಿ ಕೂಗಿದಳು.

“ಸೊನ್ನೆಯಾ? ಅಯ್ಯೋ ಪಾಪ,” ಎಂದರು. “ಇಷ್ಟು ಕಷ್ಟಪಟ್ಟಿದ್ದಕ್ಕೆ?”

ಇವರು ಪೇಪರಿನ ಹಿಂದೆ ನಗುತ್ತಿದ್ದರು.

5 ಜುಲೈ, ಗುರುವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಈಗ ದಿನಕ್ಕೆ ನಾಲ್ಕು ಪೀರಿಯಡ್ ಆಗುವಷ್ಟು ದನಿ ಇದೆ, ಮೆಲ್ಲಗೆ. ಬರೆಯಲು ಹೊತ್ತಾಗುತ್ತಿಲ್ಲ.

ಗಂಟಲು ಪರೀಕ್ಷೆಗೆಂದು ಇವತ್ತು ಅರ್ಧ ದಿನ ರಜೆ ಹಾಕಿದ್ದೆ. ಡಾಕ್ಟರ್ ಸಂಜೆಗೆ ಬರಲು ಹೇಳಿದ್ದರು. ಮೂರು ಗಂಟೆಗೆ ಫೋನ್. ಕಾಲೇಜಿನ ಎದುರಿನ ಬೂತಿನಿಂದ. ಹಿಂದೆ ಬಸ್ಸಿನ ಸದ್ದು.

“ಮಾ, ರಿಸಲ್ಟ್ ಹಾಕಿದಾರೆ. ಐವತ್ತೆರಡು.”

ಪಾಸಿಗೆ ಐವತ್ತು.

“ಮಾ? ಇದೀಯಾ?” ಎಂದಳು.

“ಐವತ್ತೆರಡು,” ಎಂದೆ. ಮತ್ತೊಮ್ಮೆ, “ಐವತ್ತೆರಡು, ಸುಮಿ.” ಆಮೇಲೆ, “ಬೇಗ ಬಾ, ಮಳೆ ಬರೋ ಹಾಗಿದೆ,” ಎಂದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಅತ್ತೆ ಒಳಗಿನಿಂದ ಯಾರದು ಫೋನು ಎಂದರು. ಹೋಗಿ ಹೇಳಿದೆ, ಸುಮಿ ಪಾಸು ಎಂದು.

“ಬಸ್ಸಾ? ಯಾವ ಬಸ್ಸು?”

“ಪಾಸು, ಅತ್ತೆ.”

“ಬಸ್ಸು ಸಿಗದಿದ್ರೆ ಟ್ರೈನಲ್ಲಿ ಬರಕ್ಕೆ ಹೇಳು.”

ಸ್ಲೇಟು ಅಲಮಾರಿನ ಮೇಲೆ ಇತ್ತು. ಎಟುಕುವಷ್ಟು ಹತ್ತಿರ. ಅದನ್ನು ತೆಗೆಯಲಿಲ್ಲ. ಎರಡೂ ಕೈಯಿಂದ ಅವರ ತೋಳು ಹಿಡಿದು, ಹೊಟ್ಟೆಯಿಂದ ದನಿ ಎಳೆದು ಕೂಗಿದೆ. ಪಾಸಾಗಿದ್ದಾಳೆ, ಮ್ಯಾಥ್ಸ್, ಐವತ್ತೆರಡು. ಬೇಬಿ ಮಾಮಿ ಗೋಡೆಯಾಚೆಯಿಂದ “ರೊಂಬ ಸಂತೋಷಂ ಜಯಾ!” ಎಂದು ಕೂಗಿ ಉತ್ತರ ಕೊಟ್ಟರು.

ಗಂಟಲು ಈಗ ಉರಿಯುತ್ತಿದೆ. ಸಂಜೆ ಡಾಕ್ಟರ್ ಕನ್ನಡಿ ಇಳಿಸಿದರೆ ಕಾಣುತ್ತದೆ. ಏನಾಯಿತೆಂದು ಕೇಳಿದರೆ ಹೇಳುತ್ತೇನೆ.